ಹತ್ತು ಸೆಂಟಿನ ಚೀಟಿ

ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ಮನೆಗಳಿಗೆ, ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ, ‘ಬಾಕ್ಸ್ ಟಾಪ್ಸ್’ ಗೊತ್ತಿರುವ ಹೆಸರು. ಜನರಲ್ ಮಿಲ್ಸ್ ಕಂಪನಿ 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ಯೋಜನೆ ಅದು. ಚೀರಿಯೋಸ್‌ನಂಥ ಸೀರಿಯಲ್ ಪೊಟ್ಟಣದ ಮೇಲಿನ ಪುಟ್ಟ ಚೀಟಿಯನ್ನು ಕತ್ತರಿಸಿ ಶಾಲೆಗೆ ಕೊಟ್ಟರೆ, ಒಂದೊಂದಕ್ಕೂ ಶಾಲೆಗೆ ಹತ್ತು ಸೆಂಟು ಸಿಗುತ್ತಿತ್ತು. ಈವರೆಗೆ ಶಾಲೆಗಳಿಗೆ ಸಂದದ್ದು 90 ಕೋಟಿ ಡಾಲರಿಗೂ ಹೆಚ್ಚು. ಮೊತ್ತ ಸಣ್ಣದಲ್ಲ. ನನ್ನ ತಕರಾರಿರುವುದು ಇದನ್ನು ದಾನವೆಂದು ಕರೆಯುವುದರ ಬಗ್ಗೆ. ಗಿರಾಕಿಗೆ ಕೊಡಬಹುದಾಗಿದ್ದ ರಿಯಾಯಿತಿಯನ್ನು ಶಾಲೆಯ ಹೆಸರಿಗೆ ಬರೆದು, ಅದರ ಪುಣ್ಯವನ್ನು ಮಾತ್ರ ಕಂಪನಿ ತಾನಿಟ್ಟುಕೊಳ್ಳುವ ವ್ಯಾಪಾರ ಇದು.

ಪೊಟ್ಟಣಕ್ಕೆ ನಾಲ್ಕು ಡಾಲರ್ ಎಂದು ಹಿಡಿಯೋಣ. ಶಾಲೆಗೆ ಸಾವಿರ ಡಾಲರ್ ಕೂಡಬೇಕಾದರೆ ಹತ್ತು ಸಾವಿರ ಪೊಟ್ಟಣ ಖಾಲಿಯಾಗಬೇಕು. ಅಷ್ಟರಲ್ಲಿ ಮನೆಗಳಿಂದ ನಲವತ್ತು ಸಾವಿರ ಡಾಲರ್ ಅಂಗಡಿಗೆ ಸೇರಿರುತ್ತದೆ. ದುಡಿಮೆಯ ಲೆಕ್ಕ ಬೇರೆ. ಹಳೆಯ ಪದ್ಧತಿಯಲ್ಲಿ ಯಾರೋ ಒಬ್ಬ ತಾಯಿ ಶಾಲೆಯ ಪರವಾಗಿ ಕೂತು, ಚೀಟಿಯ ಅವಧಿ ಮುಗಿದಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ, ಐವತ್ತೈವತ್ತು ಎಣಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಕಿತ್ತು. ಒಂದು ಚೀಲದ ಬೆಲೆ ಐದು ಡಾಲರ್. ಆ ಹೊತ್ತಿಗೆ ಕೂಲಿ ಕಟ್ಟಿದರೆ ಯೋಜನೆಯ ಬಣ್ಣ ಬಯಲಾಗುತ್ತದೆ.

‘ಹೇಗೂ ಕೊಳ್ಳುವ ಸಾಮಾನು ತಾನೆ, ನಮ್ಮ ಗಂಟೇನು ಹೋಯಿತು?’ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆ ಹಣವನ್ನು ಪುಸ್ತಕಕ್ಕೋ ಚೆಂಡಿಗೋ ಪ್ರವಾಸದ ಬಸ್ಸಿಗೋ ಶಾಲೆ ತನಗೆ ಬೇಕಾದಂತೆ ಬಳಸಬಹುದು. ಸರ್ಕಾರಿ ಅನುದಾನಕ್ಕೆ ಇಷ್ಟು ಸಡಿಲ ಇರುವುದಿಲ್ಲ. ಆದರೆ ಎಲ್ಲರೂ ‘ಹೇಗೂ ಕೊಳ್ಳುವ’ದನ್ನೇ ಕೊಂಡಿದ್ದರೆ ಕಂಪನಿ ಇದನ್ನು ಇಷ್ಟು ವರ್ಷ ನಡೆಸುತ್ತಿರಲಿಲ್ಲ. ಅಗ್ಗದ ಪೊಟ್ಟಣದ ಕಡೆ ಹೋದ ಕೈ ಚೀಟಿಯಿದ್ದ ಪೊಟ್ಟಣಕ್ಕೆ ಹೊರಳಬೇಕಿತ್ತು, ಚೀಟಿ ಇದ್ದದ್ದೇ ಅದಕ್ಕೆ. ಇಂಗ್ಲೆಂಡಿನಲ್ಲಿ 2003ರಲ್ಲಿ ಕ್ಯಾಡ್ಬರಿ ಇದೇ ದಾರಿ ಹಿಡಿದು, ಚಾಕೊಲೇಟ್ ಹೊದಿಕೆ ಕೂಡಿಸಿದ ಶಾಲೆಗಳಿಗೆ ಆಟದ ಸಾಮಾನು ಕೊಡುತ್ತೇನೆಂದಿತು. ಒಂದು ಜೊತೆ ವಾಲಿಬಾಲ್ ಕಂಬಕ್ಕೆ 5,440 ಚಾಕೊಲೇಟ್ ಬೇಕೆಂದು ಫುಡ್ ಕಮಿಷನ್ ಎಂಬ ಸಂಸ್ಥೆ ಲೆಕ್ಕ ಹಾಕಿ ತೋರಿಸಿತು. ತಿಂದು ತೇಗಿದ ಮೇಲೆ ಆಡುವವರಾರು!

2019ರಿಂದ ಕತ್ತರಿ ಹೋಗಿ ಆ್ಯಪ್ ಬಂತು: ಅಂಗಡಿಯ ಬಿಲ್ಲನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು. ಅನುಕೂಲವೇನೋ ಹೌದು, ಆದರೆ ನನಗೆ ಇದು ಹಳೆಯದಕ್ಕಿಂತ ಕೆಳಗಿನ ಮೆಟ್ಟಿಲು. ಚೀಟಿಯಾಗಿದ್ದರೆ ಪಕ್ಕದ ಮನೆಯ ಅಜ್ಜಿಯೂ ಕತ್ತರಿಸಿ ಡಬ್ಬಿಯಲ್ಲಿಟ್ಟು ಮಗುವಿನ ಕೈಗೆ ಕೊಡಬಹುದಿತ್ತು. ಚೀಟಿ ಹೇಳುತ್ತಿದ್ದದ್ದು ಒಂದು ಪೊಟ್ಟಣದ ಸುದ್ದಿಯನ್ನಷ್ಟೆ. ಬಿಲ್ಲಿನಲ್ಲಾದರೆ ಹಾಲು, ಸಾಬೂನು, ಎದುರಾಳಿ ಕಂಪನಿಯ ಬಿಸ್ಕತ್ತು, ಎಲ್ಲ ಇರುತ್ತದೆ. ಹತ್ತು ಸೆಂಟಿಗೆ ಮನೆಯ ಇಡೀ ಸಂತೆಪಟ್ಟಿ ತೆರೆದು ತೋರಿಸಿದಂತಾಯಿತು.

ಇದಿಲ್ಲದಿದ್ದರೆ ಬಡ ಶಾಲೆಗಳ ಗತಿಯೇನು ಎಂಬ ಪ್ರಶ್ನೆ ಹೆಚ್ಚು ತೂಕದ್ದು. ಉತ್ತರವೂ ಅಲ್ಲೇ ಇದೆ. ಅಮೆರಿಕದ ಸರ್ಕಾರಿ ಶಾಲೆಗಳು ಬಹುಪಾಲು ನಿಂತಿರುವುದು ತೆರಿಗೆಯ ಮೇಲೆ, ಅದರಲ್ಲೂ ಸ್ಥಳೀಯ ಆಸ್ತಿ ತೆರಿಗೆಯ ಮೇಲೆ. ಹಾಗಾಗಿ ಬಡ ಬಡಾವಣೆಯ ಶಾಲೆ ಮೊದಲೇ ಸೊರಗಿರುತ್ತದೆ. ಹೆಚ್ಚು ಕೊಳ್ಳುವವರ ಶಾಲೆಗೆ ಹೆಚ್ಚು ಕೊಡುವ ಯೋಜನೆ ಆ ಕಂದರವನ್ನು ಮುಚ್ಚುವುದು ಹೇಗೆ? ದೇಶದ ಸರ್ಕಾರಿ ಶಾಲೆಗಳ ಒಟ್ಟು ವಾರ್ಷಿಕ ಖರ್ಚು 80,000 ಕೋಟಿ ಡಾಲರಿಗೂ ಮಿಕ್ಕಿದ್ದು. ಬಾಕ್ಸ್ ಟಾಪ್ಸ್‌ನ ಅಷ್ಟೂ ವರ್ಷಗಳ ಹಣವನ್ನು ವರ್ಷವಾರು ಹಂಚಿ ಹೋಲಿಸಿದರೆ, ನೂರು ಡಾಲರ್ ಖರ್ಚಿಗೆ ಅರ್ಧ ಸೆಂಟೂ ಬೀಳುವುದಿಲ್ಲ. ಅದೂ ಕಂಪನಿಯ ಮನಸ್ಸಿದ್ದಷ್ಟು ದಿನ: 1973ರಿಂದ ನಡೆದಿದ್ದ ಕ್ಯಾಂಪ್‌ಬೆಲ್ ಸೂಪಿನ ಲೇಬಲ್ ಯೋಜನೆ 2016ರಲ್ಲಿ ನಿಂತಿತು, ಅದೇ ವರ್ಷ ಟಾರ್ಗೆಟ್ ಅಂಗಡಿಯ ಇಂಥದೇ ಯೋಜನೆ, 2023ರ ಫೆಬ್ರುವರಿಯಲ್ಲಿ ಅಮೆಜಾನ್ ಕಂಪನಿಯ ದೇಣಿಗೆ ಯೋಜನೆ ಅಮೆಜಾನ್‌ಸ್ಮೈಲ್. ಮನೆಗೆ ಆ ಸೀರಿಯಲ್ ಹೇಗೂ ಬರುವುದಾದರೆ ಬಿಲ್ಲು ಸ್ಕ್ಯಾನ್ ಮಾಡಿ, ಬೇಡವೆನ್ನುವುದಿಲ್ಲ. ಶಾಲಾ ಮಂಡಳಿ ಬಜೆಟ್ ಮಂಡಿಸುವ ಸಂಜೆ ಮಾತ್ರ ತಪ್ಪಿಸಬೇಡಿ.