‘ದ್ವೀಪ’ ಕಾದಂಬರಿಯ ನೀರು

ನಾ. ಡಿಸೋಜರ ‘ದ್ವೀಪ’ವನ್ನು ಪ್ರಕೃತಿಗೂ ಮನುಷ್ಯನಿಗೂ ನಡೆಯುವ ಹೋರಾಟದ ಕಥೆಯೆಂದು ವಿವರಿಸುವ ವಾಡಿಕೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಕೃತಿಯಲ್ಲಿ ಸುರಿಯುವ ಮಳೆ ಪ್ರಕೃತಿಯದು, ದಿಟ. ಆದರೆ ಗಣಪಯ್ಯನ ಮನೆಯ ಸುತ್ತ ಏರುವ ನೀರು ಪ್ರಕೃತಿಯದಲ್ಲ. ಅದು ಅಣೆಕಟ್ಟು ತಡೆದು ನಿಲ್ಲಿಸಿದ ಶರಾವತಿ; ಎಲ್ಲಿಯವರೆಗೆ ಏರಬೇಕೆಂದು ನಕಾಶೆಯಲ್ಲಿ ಮೊದಲೇ ಗೆರೆಯೆಳೆದ ನೀರು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದು ಆ ಯೋಜನೆಯನ್ನು ಹತ್ತಿರದಿಂದ ಕಂಡಿದ್ದ ಲೇಖಕರಿಗೆ ಈ ಭೇದ ಚೆನ್ನಾಗಿ ತಿಳಿದಿತ್ತು.

ಊರವರು ತೆರಳುತ್ತಾರೆ, ಗಣಪಯ್ಯ ಉಳಿಯುತ್ತಾನೆ. ಅನ್ಯಾಯವು ಇಲ್ಲಿ ಭಾಷಣವಾಗಿ ಬರುವುದಿಲ್ಲ, ಗಂಡನ ಶಂಕೆಯಾಗಿ ಬರುತ್ತದೆ. ಸರ್ಕಾರದ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟು ನಾಗವೇಣಿಯ ಮೇಲೆ ತಿರುಗುತ್ತದೆ. ಮುಳುಗಡೆಯ ಹಾನಿಯಲ್ಲಿ ಕೊನೆಯ ಪಾಲು ಯಾರಿಗೆ ಎಂಬುದನ್ನು ಇಷ್ಟು ಒಳಹೊಕ್ಕು ನೋಡಿದ ಕೃತಿಗಳು ಕನ್ನಡದಲ್ಲಿ ವಿರಳ. (ಗಿರೀಶ ಕಾಸರವಳ್ಳಿಯವರ ಚಲನಚಿತ್ರವು ಕೊನೆಯಲ್ಲಿ ಬೇರೆ ದಾರಿ ಹಿಡಿದಿದೆ, ಅದರ ಚರ್ಚೆ ಇಲ್ಲಿ ಬೇಡ.)

ವಿದ್ಯುತ್ತಿನ ಫಲವನ್ನುಂಡ ನಗರದವರು ಮಾತ್ರ ಈ ಕಾದಂಬರಿಯ ಪಾತ್ರಗಳಲ್ಲ. ಇದು ಕೊರತೆಯೇ? ನಮಗೆ ಹಾಗೆ ತೋರುವುದಿಲ್ಲ. ಮುಳುಗುತ್ತಿರುವವನಿಗೆ ದೀಪ ಹೊತ್ತಿದ ಊರು ಕಾಣದು. ಆ ಊರನ್ನು ಓದುಗನೇ ಸೇರಿಸಿಕೊಂಡು ಓದಬೇಕು. ಕಲಬುರಗಿಯಲ್ಲಿ ವಿದ್ಯುದ್ದೀಪದ ಕೆಳಗೆ ಕುಳಿತು, ಮಲೆನಾಡಿನ ಪಾಡಿಗೆ ಮರುಗಿ ಪುಟ ಮಗುಚುವ ಅಧ್ಯಾಪಕರ ಓದು ಅರ್ಧದ ಓದು. ನಮ್ಮ ಓದೂ ಬಹುಕಾಲ ಅಂಥದೇ ಆಗಿತ್ತು.

ಮಲೆನಾಡಿನವರೆಗೆ ಹೋಗಬೇಕಾಗಿಯೂ ಇಲ್ಲ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವವರು ಕುರಿಕೋಟಾ ಸೇತುವೆಯ ಮೇಲೆ ಬೆಣ್ಣೆತೊರಾ ನದಿಯನ್ನು ದಾಟುತ್ತಾರೆ. ಹೇರೂರಿನ ಬಳಿಯ ಅಣೆಕಟ್ಟಿನಿಂದ ಹಿಂದಕ್ಕೆ ಹರಡಿದ ಆ ನೀರನ್ನು ಬಸ್ಸಿನ ಕಿಟಕಿಯಿಂದ ಕಂಡು ಚೆಲುವೆನ್ನುವವರೇ ಹೆಚ್ಚು. ಭೀಮೆಯ ನೀರಿನಂತೆ ಅದೂ ಕಲಬುರಗಿಯ ನಲ್ಲಿಗಳಿಗೆ ಬರುತ್ತದೆ. ಅದರ ಅಡಿಯಲ್ಲಿರುವ ಹೊಲಗಳನ್ನು ನೆನೆಯುವವರು ಆ ಸೀಮೆಯ ಹಳ್ಳಿಗಳವರು; ಅವರ ಮಕ್ಕಳೇ ನಮ್ಮ ಕಾಲೇಜುಗಳಿಗೆ ಓದಲು ಬರುವವರು. ಅವರಿಗೆ ‘ದ್ವೀಪ’ವನ್ನು ಪ್ರಕೃತಿಯ ಮುನಿಸಿನ ಕಥೆಯೆಂದು ಕಲಿಸಿದರೆ, ಅವರ ಮನೆಯವರು ಬಲ್ಲ ಸತ್ಯವನ್ನೇ ಮರೆಸಿದಂತಾಗುವುದು.

ಇಲ್ಲಿ ಸೇತುವೆಯಾದರೂ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯವರು ಲಾಂಚನ್ನೇ ನೆಚ್ಚಿ ಬದುಕಿದರು. ಅವರ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಡಿಸೋಜರು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.