ವಿಕ್ರಯ, ದಾನ, ಗಳಿಕೆ: ಪುಣೆಯ ಸುಧಾರಣಾ ಯುಗದ ಕೃತಿಗಳಲ್ಲಿ ಹೆಣ್ಣು ಮತ್ತು ಹಣ

1

ಕನ್ನಡ ಮತ್ತು ಮರಾಠಿ ಸಾಹಿತ್ಯಗಳ ಸಂಬಂಧವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಪ್ರಭಾವದ ಪ್ರಶ್ನೆಯಲ್ಲಿಯೇ ತೊಡಗಿಕೊಂಡಿವೆ. ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳ 1842ರಲ್ಲಿ ಸಾಂಗಲಿಗೆ ಹೋದದ್ದು, ಅದನ್ನು ಕಂಡ ವಿಷ್ಣುದಾಸ ಭಾವೆಯವರು ಮರುವರ್ಷ ‘ಸೀತಾಸ್ವಯಂವರ’ವನ್ನು ಆಡಿಸಿದ್ದು, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಸಂಗೀತ ‘ಶಾಕುಂತಲ’ವನ್ನು ರಂಗಕ್ಕೆ ತಂದದ್ದು - ಇವೆಲ್ಲ ರಂಗಭೂಮಿಯ ಚರಿತ್ರೆಕಾರರು ಮತ್ತೆ ಮತ್ತೆ ಹೇಳಿರುವ ಸಂಗತಿಗಳು. ಕೊಟ್ಟವರಾರು, ಪಡೆದವರಾರು ಎಂಬ ಲೆಕ್ಕಾಚಾರಕ್ಕಿಂತ ಎರಡೂ ಭಾಷೆಗಳು ಒಂದೇ ಕಾಲದಲ್ಲಿ ಎದುರಿಸಿದ ಒಂದು ಸಾಮಾಜಿಕ ಪ್ರಶ್ನೆಯನ್ನು ಜೊತೆಜೊತೆಯಾಗಿ ಓದುವುದು ಹೆಚ್ಚು ಫಲಪ್ರದವಾದೀತು. ಅಂಥ ಒಂದು ಪ್ರಶ್ನೆ ಹೆಣ್ಣಿನ ಆಯ್ಕೆ ಮತ್ತು ಹಣದ ಸಂಬಂಧದ್ದು.

ಮದುವೆಯ ವಯಸ್ಸಿಗೆ ಬಂದ ಹೆಣ್ಣಿನಿಂದ ಸಮಾಜ ಏನನ್ನು ನಿರೀಕ್ಷಿಸುತ್ತದೆ? ಆಕೆಯ ಸುತ್ತ ಓಡಾಡುವ ಹಣ ಯಾರ ಕೈಯಿಂದ ಯಾರ ಕೈಗೆ ಸೇರುತ್ತದೆ? ಆ ಹಣದ ಮೇಲೆ ಆಕೆಗೆ ಏನಾದರೂ ಅಧಿಕಾರ ಉಂಟೆ? ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಮುಂಬಯಿ ಪ್ರಾಂತ ಮತ್ತು ಕರಾವಳಿ ಕರ್ನಾಟಕದಲ್ಲಿ ರಚನೆಯಾದ ಕೆಲವು ಕೃತಿಗಳನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪರಿಶೀಲನೆಗೆ ಪುಣೆ ಕೇಂದ್ರವಾಗಿರುವುದು ಆಕಸ್ಮಿಕವಲ್ಲ. ಸುಧಾರಕರೂ ಅವರ ವಿರೋಧಿಗಳೂ ಅತ್ಯಂತ ತೀವ್ರವಾಗಿ ಮುಖಾಮುಖಿಯಾದ ಊರು ಅದು.

2

1887ರಲ್ಲಿ ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿಯವರ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಪ್ರಕಟವಾಯಿತು. ಹವ್ಯಕ ಸಮಾಜದಲ್ಲಿದ್ದ ಕನ್ಯಾವಿಕ್ರಯ ಅದರ ವಸ್ತು. ಹವ್ಯಕರ ಆಡುನುಡಿಯೇ ಅದರ ಭಾಷೆ. 1899ರಲ್ಲಿ ಗೋವಿಂದ ಬಲ್ಲಾಳ ದೇವಲರ ‘ಸಂಗೀತ ಶಾರದಾ’ ಕಿರ್ಲೋಸ್ಕರ ನಾಟಕ ಮಂಡಳಿಯಿಂದ ರಂಗಕ್ಕೆ ಬಂತು. ಅದೇ ವರ್ಷ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಈ ಮೂರೂ ಕೃತಿಗಳು ಪುರಾಣದ ಆಸರೆಯನ್ನು ಬಿಟ್ಟು ಸಮಕಾಲೀನ ಮನೆಯೊಳಗೆ ಕಾಲಿಟ್ಟವು. ಮನೆಯೊಳಗೆ ಹೋದೊಡನೆ ಅವುಗಳಿಗೆ ಎದುರಾದದ್ದು ಹೆಣ್ಣಿನ ಮದುವೆ.

ವಧುವಿನ ತಂದೆ ವರನಿಂದ ಹಣ ಪಡೆಯುವ ಪದ್ಧತಿ ಇದ್ದುದಕ್ಕೆ ಲೋಭವೊಂದೇ ಕಾರಣವಲ್ಲ. ವಿಧುರನಾದ ಗಂಡಸು ಎಷ್ಟು ಬಾರಿಯಾದರೂ ಮದುವೆಯಾಗಬಹುದು. ವಿಧವೆಗೆ ಮರುಮದುವೆ ಇಲ್ಲ. ವಧು ಋತುಮತಿಯಾಗುವ ಮೊದಲೇ ಲಗ್ನ ಆಗಬೇಕು. ಈ ಮೂರು ಕಟ್ಟಳೆಗಳು ಕೂಡಿದಾಗ ಮದುವೆಯಾಗಬಯಸುವ ಗಂಡಸರ ಸಂಖ್ಯೆ ಹೆಚ್ಚಿ, ಮದುವೆಗೆ ದೊರೆಯುವ ಹುಡುಗಿಯರ ಸಂಖ್ಯೆ ಕುಗ್ಗುತ್ತದೆ. ಮುದುಕನ ಹಣ ಮತ್ತು ಬಡ ತಂದೆಯ ಅಗತ್ಯ ಸಂಧಿಸುವುದು ಈ ಇಕ್ಕಟ್ಟಿನಲ್ಲಿ. ಹೀಗಿರುವಾಗ ತಂದೆಯ ಲೋಭವನ್ನು ಮಾತ್ರ ಖಂಡಿಸುವ ಕೃತಿ ಕಾರಣವನ್ನು ಬಿಟ್ಟು ಲಕ್ಷಣವನ್ನು ಹಿಡಿದಂತಾಗುತ್ತದೆ.

‘ಶಾರದಾ’ ನಾಟಕದ ಪಾತ್ರಗಳ ಹೆಸರುಗಳೇ ಅದರ ನೈತಿಕ ನಿಲುವನ್ನು ಹೇಳುತ್ತವೆ. ತಂದೆ ಕಾಂಚನಭಟ್ಟ, ಮುದಿ ವರ ಭುಜಂಗನಾಥ, ಸುಧಾರಕ ತರುಣ ಕೋದಂಡ. ಚಿನ್ನ, ಹಾವು, ರಾಮನ ಬಿಲ್ಲು - ಇವುಗಳ ನಡುವೆ ವಿದ್ಯಾದೇವತೆಯ ಹೆಸರಿನ ಹುಡುಗಿ. ಗೆಳತಿಯರು ವರನ ವಯಸ್ಸನ್ನು ಹಾಸ್ಯಮಾಡುವ ಭಾಗದಲ್ಲಿ ನಾಟಕದ ನಿಜವಾದ ಜೀವವಿದೆ. ತಮಗೆ ಎಂಥ ಗಂಡ ಬೇಕೆಂದು ಹುಡುಗಿಯರು ತಮ್ಮತಮ್ಮಲ್ಲಿ ಬಾಯಿಬಿಟ್ಟು ಆಡಬಹುದಾದ ಅವಕಾಶ ಅಲ್ಲಿ ಮಾತ್ರ ಇದೆ. ಆದರೆ ಆ ಮಾತು ನಡುಮನೆಯವರೆಗೆ ತಲುಪುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಮದುವೆ ನಿಲ್ಲುವ ಕಾರಣ. ಶಾರದೆ ಒಪ್ಪಲಿಲ್ಲವೆಂದು ಅದು ನಿಲ್ಲುವುದಿಲ್ಲ. ವರ ಮುದುಕನೆಂದೂ ನಿಲ್ಲುವುದಿಲ್ಲ. ವಧೂವರರು ಸಗೋತ್ರರೆಂಬುದನ್ನು ಕೋದಂಡ ಬಯಲು ಮಾಡಿದ್ದರಿಂದ ನಿಲ್ಲುತ್ತದೆ. ಮಂಟಪದಿಂದ ಮರಳಿದ ಹುಡುಗಿಗೆ ಸಮಾಜದಲ್ಲಿ ಸ್ಥಾನವಿಲ್ಲದೆ ಆಕೆ ಪ್ರಾಣ ಬಿಡಲು ಹೊರಡುತ್ತಾಳೆ, ಕೋದಂಡ ಉಳಿಸುತ್ತಾನೆ, ಪೀಠಾಧಿಪತಿಗಳ ಅಪ್ಪಣೆ ದೊರೆತು ಅವರ ವಿವಾಹವಾಗುತ್ತದೆ. ಅಂದರೆ ಆಕೆಯ ನಿರಾಕರಣೆಗೆ ನಾಟಕದೊಳಗೆ ಕರುಣೆಯ ಬೆಲೆಯಿದೆ, ಕಾನೂನಿನ ಬೆಲೆಯಿಲ್ಲ. ಶಾಸ್ತ್ರದ ತಪ್ಪನ್ನು ಶಾಸ್ತ್ರವೇ ತಿದ್ದಬೇಕು. ಪ್ರೇಕ್ಷಕ ಕಣ್ಣೀರಿಟ್ಟು, ಆದರೆ ತನ್ನ ನಂಬಿಕೆಗಳೊಂದಿಗೆ ಸುರಕ್ಷಿತನಾಗಿ ಮನೆಗೆ ಹಿಂದಿರುಗಬಹುದು. ದೇವಲರ ಪ್ರತಿಭೆಯನ್ನು ಕಡಿಮೆಮಾಡಲು ಈ ಮಾತು ಹೇಳುತ್ತಿಲ್ಲ. ಅವರ ನಾಟಕಕ್ಕೆ ದೊರೆತ ಅಪಾರ ಜನಪ್ರಿಯತೆಯಲ್ಲಿ ಈ ಸುರಕ್ಷಿತತೆಯ ಪಾಲೂ ಇದೆಯೆಂಬುದು ನನ್ನ ಗ್ರಹಿಕೆ.

‘ಇಂದಿರಾಬಾಯಿ’ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಾಲವಿಧವೆ ಇಂದಿರೆ ತಂದೆಯ ಮನೆಯಿಂದ ತಾನಾಗಿಯೇ ಹೊರಬರುತ್ತಾಳೆ; ಅಮೃತರಾಯನ ಆಶ್ರಯದಲ್ಲಿ ವಿದ್ಯೆ ಕಲಿಯುತ್ತಾಳೆ; ಇಂಗ್ಲೆಂಡಿನಿಂದ ಮರಳಿದ ಭಾಸ್ಕರನನ್ನು ವರಿಸುತ್ತಾಳೆ. ಭೀಮರಾಯನ ಅನ್ಯಾಯದ ಸಂಪತ್ತು ಮತ್ತು ಅಮೃತರಾಯನ ನ್ಯಾಯದ ಗಳಿಕೆ ಕಾದಂಬರಿಯ ಎರಡು ಧ್ರುವಗಳು. ಆದರೆ ಇಂದಿರೆಯದು ಎನ್ನಬಹುದಾದ ಗಳಿಕೆ ಎಲ್ಲಿದೆ? ಆಕೆಯ ವಿದ್ಯೆ ಉದ್ಯೋಗದಲ್ಲಿ ಕೊನೆಗೊಳ್ಳದೆ ಯೋಗ್ಯ ವರನಲ್ಲಿ ಕೊನೆಗೊಳ್ಳುತ್ತದೆ. ಹಳೆಯ ನಿರೀಕ್ಷೆಯ ಜಾಗದಲ್ಲಿ ಹೊಸ ನಿರೀಕ್ಷೆ ಬಂದಿದೆ: ಹೆಣ್ಣು ಓದಿದವಳಾಗಿರಬೇಕು, ಏಕೆಂದರೆ ಓದಿದ ಗಂಡಿಗೆ ಓದಿದ ಸಂಗಾತಿ ಬೇಕು.

3

ಸುಧಾರಕ ಸಾಹಿತ್ಯ ಕನ್ಯಾವಿಕ್ರಯವನ್ನು ಇಷ್ಟು ನಿರಾಯಾಸವಾಗಿ ಖಂಡಿಸಲು ಸಾಧ್ಯವಾದದ್ದು ಹೇಗೆ? ಉತ್ತರ ಸರಳ. ಮನುಸ್ಮೃತಿಯೇ ತಂದೆ ಅಲ್ಪ ಶುಲ್ಕವನ್ನೂ ಮುಟ್ಟಕೂಡದೆನ್ನುತ್ತದೆ. ಪೇಶವೆಗಳ ಸರ್ಕಾರವೂ ಬ್ರಾಹ್ಮಣರಲ್ಲಿ ಈ ಪದ್ಧತಿಯನ್ನು ತಡೆಯುವ ಆಜ್ಞೆಗಳನ್ನು ಪುಣೆಯಿಂದ ಹೊರಡಿಸಿತ್ತು. ವಿಧವಾವಿವಾಹದ ಪರವಾಗಿ ಮಾತಾಡಿದವನಿಗೆ ಬಹಿಷ್ಕಾರದ ಭಯವಿದ್ದಿತು. ಕನ್ಯಾವಿಕ್ರಯದ ವಿರುದ್ಧ ಮಾತಾಡಿದವನಿಗೆ ಸನಾತನಿಗಳ ಮೆಚ್ಚುಗೆಯೂ ದೊರೆಯಬಹುದಾಗಿತ್ತು. ವಿಕ್ರಯಕ್ಕೆ ಎದುರಾಗಿ ಶಾಸ್ತ್ರ ಇಟ್ಟ ಆದರ್ಶ ದಾನ.

ಆದರೆ ಮಾರುವ ವಸ್ತುವಿಗೂ ದಾನ ಕೊಡುವ ವಸ್ತುವಿಗೂ ಬಾಯಿಲ್ಲ. ನಮ್ಮ ನುಡಿಯೇ ಇದಕ್ಕೆ ಸಾಕ್ಷಿ. ‘ಹೆಣ್ಣು ಕೊಡುವುದು’, ‘ಹೆಣ್ಣು ತರುವುದು’, ‘ಧಾರೆ ಎರೆಯುವುದು’ ಎನ್ನುತ್ತೇವೆ. ಮಗಳ ಮದುವೆಯಾದರೆ ‘ಕನ್ಯಾಸೆರೆ ಬಿಡಿತು’ ಎಂದು ನಿಟ್ಟುಸಿರಿಡುತ್ತೇವೆ. ಆ ಸೆರೆಯಲ್ಲಿದ್ದವರು ತಂದೆತಾಯಿಗಳು, ಮಗಳಲ್ಲ.

ದಾನದ ಈ ಮುಖವನ್ನು ಪುಣೆಯ ಸಂದರ್ಭದಲ್ಲಿ ತೀಕ್ಷ್ಣವಾಗಿ ತೋರಿಸಿದವರು ಕರ್ನಾಟಕದ ಮಲೆನಾಡಿನ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಇಂಗ್ಲಿಷಿನಲ್ಲಿ ಬರೆದ, ಉಚ್ಚಜಾತಿಯ ಹಿಂದೂ ಸ್ತ್ರೀಯನ್ನು ಕುರಿತ ಅವರ ಗ್ರಂಥ 1887ರಲ್ಲಿ, ಅಂದರೆ ಸೂರಿಯವರ ಪ್ರಹಸನ ಬಂದ ವರ್ಷವೇ, ಅಮೆರಿಕದಲ್ಲಿ ಪ್ರಕಟವಾಯಿತು. ತೀರ್ಥಸ್ನಾನಕ್ಕೆ ಬಂದ ಅಪರಿಚಿತನೊಬ್ಬನಿಗೆ ತಂದೆಯೊಬ್ಬ ಒಂಬತ್ತು ವರ್ಷದ ಮಗಳನ್ನು ಮರುದಿನವೇ ಧಾರೆಯೆರೆದು ಕೊಟ್ಟ ಪ್ರಸಂಗ ಅದರಲ್ಲಿದೆ. ಆ ಹುಡುಗಿ ಲೇಖಕಿಯ ತಾಯಿಯೇ. ಅಲ್ಲಿ ಹಣದ ಮಾತಿಲ್ಲ; ಲೋಭಿ ತಂದೆಯಿಲ್ಲ; ವರನೂ ಸಜ್ಜನ, ಹೆಂಡತಿಗೆ ಸಂಸ್ಕೃತ ಕಲಿಸಿದ ಪಂಡಿತ. ಆದರೂ ಹುಡುಗಿಯನ್ನು ಯಾರೂ ಕೇಳಲಿಲ್ಲ. ಒಳ್ಳೆಯದಾದದ್ದು ದೈವಯೋಗದಿಂದ, ವ್ಯವಸ್ಥೆಯಿಂದಲ್ಲ. ದುಷ್ಟಪಾತ್ರಗಳಿಲ್ಲದೆಯೇ ಅನ್ಯಾಯ ನಡೆಯಬಲ್ಲುದೆಂಬ ಈ ಅರಿವು ಪ್ರಹಸನಕಾರರಿಗೂ ನಾಟಕಕಾರರಿಗೂ ನಿಲುಕಲಿಲ್ಲ.

ಇದಕ್ಕೆ ಐದು ವರ್ಷ ಮೊದಲು, 1882ರಲ್ಲಿ, ಪುಣೆಯಲ್ಲಿ ಅಚ್ಚಾದ ತಾರಾಬಾಯಿ ಶಿಂದೆಯವರ ‘ಸ್ತ್ರೀ ಪುರುಷ ತುಲನಾ’ ಇನ್ನೂ ನೇರವಾಗಿ ಕೇಳುತ್ತದೆ: ಹೆಂಗಸರ ಮೇಲೆ ಹೊರಿಸುವ ದೋಷಗಳು ಗಂಡಸರಲ್ಲಿ ಇಲ್ಲವೆ? ನೀತಿಯ ಅಳತೆಗೋಲು ಇಬ್ಬರಿಗೂ ಒಂದೇ ಏಕಾಗಬಾರದು? ಜ್ಯೋತಿಬಾ ಫುಲೆಯವರು ಈ ಕೃತಿಯ ಪರವಾಗಿ ನಿಂತರು. ಅನಂತರ ಅದು ಮರೆತುಹೋಗಿ, 1975ರಲ್ಲಿ ಮರುಮುದ್ರಣವಾದ ಮೇಲೆಯೇ ಮತ್ತೆ ಚರ್ಚೆಗೆ ಬಂದಿತು. ‘ಶಾರದಾ’ ಮನೆಮಾತಾಗಿ ‘ತುಲನಾ’ ಕಣ್ಮರೆಯಾದ ಈ ವೈದೃಶ್ಯವೇ ಸಾಹಿತ್ಯ ಚರಿತ್ರೆಯ ಒಂದು ಅಧ್ಯಾಯವಾಗಬೇಕು.

ಮದುವೆಯೊಳಕ್ಕೆ ಹೋಗಲು ಬೆಲೆಯಿದ್ದಂತೆ ಹೊರಬರಲೂ ಬೆಲೆಯಿದ್ದಿತು. ಬಾಲ್ಯದಲ್ಲಿ ಆದ ಮದುವೆಯನ್ನು ಒಪ್ಪದ ಮುಂಬಯಿಯ ರುಖ್ಮಾಬಾಯಿಗೆ ಗಂಡನ ಮನೆಗೆ ಹೋಗಬೇಕು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗಬೇಕೆಂದು ನ್ಯಾಯಾಲಯ ತೀರ್ಪಿತ್ತದ್ದೂ 1887ರಲ್ಲಿಯೇ. ಸೆರೆಮನೆಯಾದರೂ ಸರಿ ಎಂದ ಆ ತರುಣಿಯ ವಿರುದ್ಧ ಪುಣೆಯಲ್ಲಿ ತಿಲಕರು ಬರೆದರು. ಮರುವರ್ಷ ಗಂಡ 2000 ರೂಪಾಯಿ ಪಡೆದು ವ್ಯಾಜ್ಯವನ್ನು ಕೈಬಿಟ್ಟ. ಮುಂದೆ ಆಕೆ ಇಂಗ್ಲೆಂಡಿನಲ್ಲಿ ಕಲಿತು ವೈದ್ಯೆಯಾದರು. ಶುಲ್ಕವೆಂಬುದು ಲೋಭಿ ತಂದೆಯ ಮನೆಯಲ್ಲಿ ಮಾತ್ರವಿರದೆ ನ್ಯಾಯಾಲಯದ ಅಂಗಳದಲ್ಲಿಯೂ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

4

ಹಣದ ದಿಕ್ಕು ಬದಲಾದದ್ದು ನಾಟಕದಲ್ಲಿಯೂ ಅಲ್ಲ, ಕಾದಂಬರಿಯಲ್ಲಿಯೂ ಅಲ್ಲ. ಪುಣೆಯ ಕೆಲವು ಮನೆಗಳಲ್ಲಿ. ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ‘ಶಾರದಾ ಸದನ’ 1890ರಲ್ಲಿ ಪುಣೆಗೆ ಬಂದಿತು. ದೇವಲರ ನಾಯಕಿಗಿಂತ ಮೊದಲೇ ಪುಣೆಯಲ್ಲಿ ಇನ್ನೊಬ್ಬ ಶಾರದೆ ಇದ್ದಳೆನ್ನಬಹುದು. ಮತಾಂತರದ ಆರೋಪದಿಂದ 1893ರಲ್ಲಿ ಸದನ ಕೋಲಾಹಲಕ್ಕೆ ಗುರಿಯಾಯಿತು. ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡರು. ಆ ವರ್ಷವೇ ಧೋಂಡೋ ಕೇಶವ ಕರ್ವೆಯವರು ಸದನದಲ್ಲಿ ಕಲಿತ ವಿಧವೆ ಗೋದೂಬಾಯಿಯವರನ್ನು ಮದುವೆಯಾದರು. ಕರ್ವೆಯವರು 1896ರಲ್ಲಿ ಆರಂಭಿಸಿದ ಆಶ್ರಮ 1900ರಲ್ಲಿ ಹಿಂಗಣೆಗೆ ಹೋಯಿತು. 1909ರಲ್ಲಿ ರಮಾಬಾಯಿ ರಾನಡೆಯವರ ಮುಂದಾಳುತನದಲ್ಲಿ ಪುಣೆಯ ಸೇವಾಸದನ ರೂಪುಗೊಂಡು ದಾದಿಯರ ಶಿಕ್ಷಣಕ್ಕೂ ಹಾದಿಯಾಯಿತು.

ಈ ಮನೆಗಳಿಂದ ಹೊರಬಂದ ಆತ್ಮಕಥೆಗಳನ್ನು ಓದಿದಾಗ ಒಂದು ವ್ಯತ್ಯಾಸ ಎದ್ದುಕಾಣುತ್ತದೆ. ಗೋದೂಬಾಯಿಯವರ ತಂಗಿ ಪಾರ್ವತೀಬಾಯಿ ಆಠವಲೆ ಕೇಶಮುಂಡನವಾಗಿದ್ದ ವಿಧವೆ. ಊರೂರು ಅಲೆದು ಆಶ್ರಮಕ್ಕೆ ಹಣ ಕೂಡಿಸಿದರು, ಅಮೆರಿಕದವರೆಗೂ ಹೋದರು. ಅವರ ‘ಮಾಝೀ ಕಹಾಣೀ’ 1928ರಲ್ಲಿ ಬಂತು. ಅಕ್ಕನ ‘ಮಾಝೇ ಪುರಾಣ’ 1944ರಲ್ಲಿ. ಗಂಡಸರ ಕೃತಿಗಳಲ್ಲಿ ಹಣ ಹೆಣ್ಣಿಗಾಗಿ ತೆರುವ ಬೆಲೆ. ಇಲ್ಲಿ ಅದು ಹೆಣ್ಣು ಬೇಡಿ ತಂದ, ದುಡಿದು ಗಳಿಸಿದ ವಸ್ತು. ಕನ್ನಡದಲ್ಲಿ ಇದಕ್ಕೆ ಸಮಾನವಾದ ನೆಲೆ ನಂಜನಗೂಡು ತಿರುಮಲಾಂಬ ಅವರದು. ಬಾಲವಿಧವೆಯಾಗಿದ್ದ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಬರೆಹಗಾರ್ತಿಯಷ್ಟೇ ಅಲ್ಲದೆ ಪ್ರಕಾಶಕಿಯೂ ಆದರು. ಅವರ ಕಾದಂಬರಿಗಳ ಪಾತಿವ್ರತ್ಯದ ಆದರ್ಶ ಇಂದಿನವರಿಗೆ ಹಳತೆನಿಸಬಹುದು. ಅವರು ಮಾಡಿದ ಕೆಲಸ ಅವರ ನಾಯಕಿಯರಿಗಿಂತ ಮುಂದಿತ್ತು.

ಈ ಚರ್ಚೆಗೆ ಇನ್ನೊಂದು ಮಿತಿಯಿದೆ. ಮೇಲೆ ಹೇಳಿದ ಕೃತಿಗಳಲ್ಲಿ ಹೆಚ್ಚಿನವು ಮೇಲುಜಾತಿಯ ಅನುಭವವನ್ನೇ ಹಿಂದೂ ಸಮಾಜದ ಅನುಭವವೆಂದು ಭಾವಿಸುತ್ತವೆ. ದುಡಿಯುವ ಸಮುದಾಯಗಳಲ್ಲಿದ್ದ ಕನ್ನಡದ ‘ತೆರ’, ಮರಾಠಿಯ ‘ದೇಜ’ ಎಂಬ ಪದ್ಧತಿಗಳಿಗೆ ಬೇರೆಯೇ ಅರ್ಥವಿದ್ದಿತು. ಅಲ್ಲಿ ಹೆಣ್ಣಿನ ದುಡಿಮೆಗೆ ಬೆಲೆಯಿದೆಯೆಂಬ ಒಪ್ಪಿಗೆ ಅಡಗಿತ್ತು. ‘ಉಡಿಕಿ’, ‘ಪಾಟ್’ಗಳ ಮೂಲಕ ವಿಧವೆಗೆ ಮತ್ತೊಂದು ಸಂಸಾರವೂ ಸಾಧ್ಯವಿತ್ತು. ಇದರಿಂದ ತೆರ ಹೆಣ್ಣಿಗೆ ಸ್ವಾತಂತ್ರ್ಯ ಕೊಟ್ಟಿತೆಂದೇನೂ ಹೇಳಲಾಗದು; ಹಣ ಸೇರುತ್ತಿದ್ದುದು ಅಲ್ಲಿಯೂ ತಂದೆಯ ಕೈಗೆ. ಆದರೆ ದಾನದ ಆದರ್ಶ ಮೇಲಿನಿಂದ ಕೆಳಗೆ ಹರಡಿದಂತೆ ತೆರ ಹೋಗಿ ವರದಕ್ಷಿಣೆ ಬಂದಿತು. ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ವಿವಾಹಗಳನ್ನು ಕುರಿತು 1942ರಲ್ಲಿಯೂ ವರದಕ್ಷಿಣೆಯನ್ನು ಕುರಿತು 1984ರಲ್ಲಿಯೂ ಪ್ರಕಟಿಸಿದ ಬರೆಹಗಳನ್ನು ಈ ದೃಷ್ಟಿಯಿಂದ ಜೊತೆಯಾಗಿ ಓದಬೇಕು. ತಂದೆ ಹಣ ಪಡೆದಾಗ ಪ್ರಹಸನ ಬರೆದ ಸಮಾಜ, ವರನ ತಂದೆ ‘ಹುಂಡಾ’ ಪಡೆದಾಗ ಬಹುಕಾಲ ಅದನ್ನು ಗೌರವವೆಂದೇ ಎಣಿಸಿತು. ವರದಕ್ಷಿಣೆಯ ನಿಷೇಧಕ್ಕೆ 1961ರ ಶಾಸನದವರೆಗೆ ಕಾಯಬೇಕಾಯಿತು. ಪದ್ಧತಿ ಅಷ್ಟಕ್ಕೇ ನಿಲ್ಲಲೂ ಇಲ್ಲ.

5

ವಿಜಯ ತೆಂಡೂಲ್ಕರರು 1983ರ ತಮ್ಮ ನಾಟಕಕ್ಕೆ ‘ಕನ್ಯಾದಾನ’ ಎಂದೇ ಹೆಸರಿಟ್ಟರು. ಅಲ್ಲಿ ಮಗಳು ಜ್ಯೋತಿ ವರನನ್ನು ತಾನೇ ಆರಿಸುತ್ತಾಳೆ. ಸಮಾಜವಾದಿ ತಂದೆ ಹಿಗ್ಗುತ್ತಾನೆ. ಗಂಡನ ಹೊಡೆತಗಳ ನಡುವೆ ಆಕೆಗೆ ಅರಿವಾಗುವುದು, ತಂದೆಯ ತತ್ತ್ವಕ್ಕೆ ತಾನು ದಾನವಾಗಿದ್ದೇನೆ ಎಂಬುದು. ದಲಿತ ಪಾತ್ರದ ಚಿತ್ರಣದ ಬಗ್ಗೆ ಈ ನಾಟಕ ಎದುರಿಸಿದ ಆಕ್ಷೇಪಗಳಿಗೆ ಆಧಾರವಿದೆ. ಆದರೂ ನಮ್ಮ ಪ್ರಶ್ನೆಯ ಮಟ್ಟಿಗೆ ಅದು ಮಹತ್ತ್ವದ್ದು. ಸುಧಾರಕ ತಂದೆಯೂ ಕೊಡುವವನಾಗಿಯೇ ಉಳಿಯುತ್ತಾನೆಂಬುದನ್ನು ಅದು ಕಾಣಿಸಿತು. ಕೋದಂಡ ಮತ್ತು ಅಮೃತರಾಯರ ಕಥೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಅನಂತರ ತಲುಪಿದ ಕೊನೆ ಇದು.

ಇಂದು ಪುಣೆಯ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುವ ತರುಣಿಯರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದವರೂ ಇದ್ದಾರೆ. ಅವರಿಗೆ ಸಂಬಳವಿದೆ, ತಾವೇ ಕಂಡು ಮೆಚ್ಚಿದವರೊಡನೆ ತಿರುಗಾಡುವ ಅವಕಾಶವೂ ಒಂದಿಷ್ಟು ಇದೆ. ಆದರೆ ಸಂಬಳ ತವರಿನದೋ ಅತ್ತೆಮನೆಯದೋ ಎಂಬ ವಾದ ಮುಗಿದಿಲ್ಲ. ಹೋಟೆಲಿನ ಬಿಲ್ಲನ್ನು ಗಂಡು ಕೊಟ್ಟರೆ ಹೆಣ್ಣು ಋಣಿಯಾಗುತ್ತಾಳೆಂದೂ, ಹೆಣ್ಣೇ ಕೊಟ್ಟರೆ ಗಂಡಿನ ಮಾನಕ್ಕೆ ಕುಂದೆಂದೂ ಬಗೆಯುವ ಮನಸ್ಸು, ಶುಲ್ಕ ಮತ್ತು ದಾನಗಳ ಹಳೆಯ ವ್ಯಾಕರಣದಲ್ಲಿಯೇ ಮಾತಾಡುತ್ತಿದೆ. ಗಳಿಕೆ ಬಂದಿದೆ, ಗಳಿಕೆಯ ಮೇಲಿನ ಅಧಿಕಾರ ಇನ್ನೂ ಬರಬೇಕಾಗಿದೆ.

ಹೊರನಾಡಿನಲ್ಲಿದ್ದು ಕನ್ನಡವನ್ನು ಅಭ್ಯಸಿಸುವ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳಷ್ಟಿದೆ. ಸೂರಿಯವರ ಪ್ರಹಸನವನ್ನು ‘ಶಾರದಾ’ದೊಂದಿಗೆ ದೃಶ್ಯದೃಶ್ಯವಾಗಿ ಹೋಲಿಸಬೇಕು, ಪುಣೆಯ ಮಹಿಳೆಯರ ಆತ್ಮಕಥೆಗಳನ್ನು ತಿರುಮಲಾಂಬ, ಕಲ್ಯಾಣಮ್ಮನವರ ಬರೆಹಗಳ ಪಕ್ಕದಲ್ಲಿರಿಸಿ ಓದಬೇಕು, ತೆರ ಮತ್ತು ಉಡಿಕಿಗಳ ಜಾನಪದ ಸಾಕ್ಷ್ಯಗಳನ್ನು ಎರಡೂ ಭಾಷೆಗಳಲ್ಲಿ ಸಂಗ್ರಹಿಸಬೇಕು. ಶಾರದೆಗಾಗಿ ಅತ್ತ ಪ್ರೇಕ್ಷಕರ ಸಂಖ್ಯೆ ದೊಡ್ಡದು. ಶಾರದೆಯನ್ನೇ ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೆಂಬುದನ್ನು ತಿಳಿಯಬೇಕಾದರೆ ನಾಟಕವನ್ನು ಬದಿಗಿರಿಸಿ ಆ ಆತ್ಮಕಥೆಗಳ ಕಡೆಗೆ ಹೋಗಬೇಕಾಗುತ್ತದೆ.