ವೀರಸ್ವರ್ಗ ಮತ್ತು ವಾಲ್ಹಾಲಾ: ರಾಮನಗರ ಸೀಮೆಯ ನೆಲೆಯಿಂದ ಒಂದು ವಿವೇಚನೆ

ಕನ್ನಡ ವೀರಗಲ್ಲುಗಳ ಪರಲೋಕ ಕಲ್ಪನೆಯನ್ನು ಉತ್ತರ ಯುರೋಪಿನ ನಾರ್ಸ್ ಪುರಾಣಗಳೊಡನೆ ಹೋಲಿಸುವುದು ಸಹಜವಾದುದೇ. ಅಲ್ಲಿ ರಣದಲ್ಲಿ ಮಡಿದವರನ್ನು ವಾಲ್ಕಿರಿಗಳೆಂಬ ಕನ್ಯೆಯರು ಓಡಿನ್ ದೇವನ ವಾಲ್ಹಾಲಾಕ್ಕೆ ಕರೆದೊಯ್ಯುತ್ತಾರೆ. ಇಲ್ಲಿ ಸುರಾಂಗನೆಯರು ವೀರನನ್ನು ಕೈಲಾಸಕ್ಕೆ ಒಯ್ಯುತ್ತಾರೆ. ಆದರೆ ಈ ಸಾಮ್ಯವು ಎಷ್ಟು ಆಳದ್ದೆಂಬುದನ್ನು ಪರಿಶೀಲಿಸದೆ ತೀರ್ಮಾನಕ್ಕೆ ಬರುವುದು ಉಚಿತವಲ್ಲ.

ಮೊದಲಿಗೆ ಆಕರಗಳನ್ನು ಗಮನಿಸಬೇಕು. ನಾರ್ಸ್ ಪುರಾಣದ ವ್ಯವಸ್ಥಿತ ನಿರೂಪಣೆ ದೊರೆಯುವುದು ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಸುಮಾರು 1220ರಲ್ಲಿ ರಚಿಸಿದ 'ಎಡ್ಡಾ' ಗ್ರಂಥದಲ್ಲಿ. ಆ ನಾಡು ಕ್ರೈಸ್ತಧರ್ಮವನ್ನು ಸ್ವೀಕರಿಸಿ ಆಗಲೇ ಎರಡು ಶತಮಾನಗಳು ಸಂದಿದ್ದವು, ಸ್ನೋರಿಯೂ ಕ್ರೈಸ್ತನೇ. ವೀರಗಲ್ಲಾದರೋ ಆ ನಂಬಿಕೆ ಜೀವಂತವಾಗಿದ್ದಾಗಲೇ ನೆಟ್ಟ ದಾಖಲೆ. ಆದುದರಿಂದ ಕಲ್ಲನ್ನು ಗ್ರಂಥದೊಡನೆ ಹೋಲಿಸುವುದಕ್ಕಿಂತ ಕಲ್ಲನ್ನು ಕಲ್ಲಿನೊಡನೆ ಹೋಲಿಸುವುದು ಯುಕ್ತ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಚಿತ್ರಶಿಲೆಗಳು ಇದಕ್ಕೆ ತಕ್ಕ ಸಾಮಗ್ರಿ. 1844ರಲ್ಲಿ ಪತ್ತೆಯಾದ ಶೆಂಗ್‌ವೀಡೆಯ ಶಿಲೆಯಲ್ಲಿ ಎಂಟು ಕಾಲಿನ ಕುದುರೆಯನ್ನೇರಿ ಬರುವ ಸವಾರನನ್ನು ಪಾನಪಾತ್ರೆ ಹಿಡಿದ ಸ್ತ್ರೀಯೊಬ್ಬಳು ಎದುರುಗೊಳ್ಳುತ್ತಾಳೆ.

ಕರ್ನಾಟಕದಲ್ಲಿ ಗಂಗರ ಕಾಲದ ಅನೇಕ ಕಲ್ಲುಗಳಲ್ಲಿ ಹೋರಾಟದ ಒಂದೇ ದೃಶ್ಯವಿದೆ. ಮುಂದೆ ಬಹುವಾಗಿ ಬಳಕೆಗೆ ಬಂದ ಮೂರು ಹಂತದ ಕಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಸ್ವರ್ಗಾರೋಹಣ, ಮೇಲೆ ಲಿಂಗಪೂಜೆ, ತುದಿಯಲ್ಲಿ ಸೂರ್ಯಚಂದ್ರರು. ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆಯರು ಎಂಬ ಆಶಯದ ಸಂಸ್ಕೃತ ಶ್ಲೋಕವು ಅನೇಕ ವೀರಶಾಸನಗಳಲ್ಲಿ ಪುನರುಕ್ತವಾಗಿದೆ.

ಭೇದವು ತಲೆದೋರುವುದು ಈ ಸೂರ್ಯಚಂದ್ರರಲ್ಲಿಯೇ. ನಾರ್ಸ್ ಕಲ್ಪನೆಯಲ್ಲಿ ಇಮಿರ್ ಎಂಬ ದೈತ್ಯನನ್ನು ಕೊಂದು ಅವನ ದೇಹದಿಂದ ಲೋಕವನ್ನು ನಿರ್ಮಿಸಲಾಯಿತು. ರಾಗ್ನರಾಕ್ ಎಂಬ ಅಂತ್ಯಯುದ್ಧದಲ್ಲಿ ತೋಳಗಳು ಸೂರ್ಯಚಂದ್ರರನ್ನೇ ನುಂಗುತ್ತವೆ. ಓಡಿನ್ ವೀರರನ್ನು ಕೂಡಿಹಾಕುವುದು ಆ ಸೋಲಿನ ಯುದ್ಧಕ್ಕಾಗಿ. ಅಲ್ಲಿ ದೇವರಿಗೇ ಸತ್ತವರ ಅಗತ್ಯವಿದೆ. ವೀರಗಲ್ಲಿನ ಸೂರ್ಯಚಂದ್ರರಾದರೋ ಶಾಶ್ವತತೆಯ ಸಾಕ್ಷಿಗಳು. ಅವರಿರುವವರೆಗೆ ವೀರನ ಕೀರ್ತಿಯೂ ಅವನ ಹೆಸರಿನ ದತ್ತಿಯೂ ನಡೆಯಬೇಕು. ಇಲ್ಲಿ ಸತ್ತವನ ಋಣವಿರುವುದು ಊರಿಗೆ.

ಈ ಋಣವು ಭಾವನೆಯ ಮಾತಷ್ಟೇ ಅಲ್ಲ. ಮಡಿದವನ ಮನೆಯವರಿಗೆ ನೀಡುತ್ತಿದ್ದ ಭೂಮಿಯನ್ನು 'ನೆತ್ತರುಗೊಡಗೆ' ಎಂದು ಶಾಸನಗಳು ಕರೆಯುತ್ತವೆ. ಚನ್ನಪಟ್ಟಣಕ್ಕೆ ಹೊಂದಿಕೊಂಡ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು (ಶಕ 872) ಹಂದಿಯೊಡನೆ ಹೋರಾಡಿ ಮಡಿದ 'ಕಾಳಿ' ಎಂಬ ನಾಯಿಯ ನೆನಪನ್ನೂ ಉಳಿಸಿದೆ. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಅದು ವಿಧಿಸುತ್ತದೆ. ಬದುಕಿರುವವನ ನಿತ್ಯದ ಊಟಕ್ಕೂ ಸತ್ತ ಪ್ರಾಣಿಯ ಸ್ಮರಣೆಗೂ ಹೀಗೆ ಗಂಟು ಹಾಕಿರುವುದು ಗಮನಾರ್ಹ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಪರಲೋಕದ ಚಿಂತನೆಯು ವೀರಗಲ್ಲಿಗಿಂತಲೂ ಹಳೆಯದು. ಸಾವನದುರ್ಗದ ಬೃಹತ್ ಶಿಲಾಸಮಾಧಿಗಳನ್ನು ಬ್ರ್ಯಾನ್‌ಫಿಲ್ 1881ರಲ್ಲಿಯೇ ವರ್ಣಿಸಿದ್ದನು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ (1905) ಮಾಗಡಿ, ಚನ್ನಪಟ್ಟಣ ಹಾಗೂ ಅಂದು ಕಾನಕಾನಹಳ್ಳಿ ಎನಿಸಿದ್ದ ಕನಕಪುರದ ಶಾಸನಗಳನ್ನು ಸಂಪಾದಿಸಿದರು. ಆದರೆ ಅದು ಬರಹದ ಸಂಗ್ರಹ. ಅಕ್ಷರವಿಲ್ಲದ ಕಲ್ಲುಗಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' (1966), ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' (1982) ಈ ಕ್ಷೇತ್ರಕ್ಕೆ ಭದ್ರವಾದ ಬುನಾದಿಯನ್ನು ಹಾಕಿವೆ. ಆದರೂ ಪರಲೋಕದ ಕಲ್ಪನೆಯನ್ನು ಚಿತ್ರದಿಂದಲೇ ಓದಬೇಕಾದ ನಿರಕ್ಷರ ಕಲ್ಲುಗಳು ಊರೂರಿನ ಸಮೀಕ್ಷೆಯನ್ನು ಬೇಡುತ್ತವೆ.

ನಾರ್ಸ್ ಸ್ವರ್ಗವು ದೇವರು ಸೇರಿಸಿದ ಸೇನೆ. ವೀರಸ್ವರ್ಗವು ಊರು ಒಪ್ಪಿಕೊಂಡ ಹೊಣೆ. ಕಲ್ಲನ್ನು ನೆಟ್ಟ ನೆಲೆಯಿಂದ ಕಿತ್ತು ಬೇರೆಡೆಗೆ ಸಾಗಿಸಿದರೆ ಶಿಲ್ಪವು ಉಳಿದೀತು. ಆದರೆ ಆ ಹೊಣೆ ಯಾವ ಊರಿನದು, ಯಾವ ಹೊಲಕ್ಕೆ ಸೇರಿದುದು ಎಂಬ ಅರ್ಥ ಅಳಿಯುತ್ತದೆ. ಆದಕಾರಣ ಕಲ್ಲಿನ ಜೊತೆಗೆ ಅದರ ನೆಲೆಯನ್ನೂ ದಾಖಲಿಸುವುದು ಸಂಶೋಧಕರ ಮೊದಲ ಕರ್ತವ್ಯ. ತೌಲನಿಕ ಅಧ್ಯಯನವು ಆ ಬಳಿಕದ ಮಾತು.